80 ಮೀಟರ್ ಎತ್ತರದ ಮೋಡ

"ನಿಂದು ಎಷ್ಟ್ ಬಂತಲೇ?"

"ಎಂಬತ್ತು."

"ನಂದೂ ಎಂಬತ್ತು!"

ಪರೀಕ್ಷೆ ಮುಗಿದು ಹೊರಗೆ ಬಂದ ಕೂಡಲೇ ಬೇವಿನ ಮರದ ಕೆಳಗೆ ನಡೆದ ಮಾತಿದು. ಏಳೆಂಟು ಜನರಿಗೆ ಎಂಬತ್ತೇ ಬಂದಿತ್ತು. ಇಷ್ಟು ಜನರಿಗೆ ಒಂದೇ ಉತ್ತರ ಬಂದಮೇಲೆ ತಪ್ಪಾಗಲು ಹೇಗೆ ಸಾಧ್ಯ ಅಂತ ನಮ್ಮ ಲೆಕ್ಕಾಚಾರ.

ಅದು 2019ರ ಫೆಬ್ರವರಿ. ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ, 80 ಅಂಕದ ಗಣಿತ. ಕೊಪ್ಪಳದ ಗವಿಮಠದ ಜಾತ್ರೆ ಮುಗಿದು ತಿಂಗಳೂ ಆಗಿರಲಿಲ್ಲ, ನಮ್ಮ ತಲೆಯಲ್ಲಿ ಇನ್ನೂ ತೇರು ಎಳೆಯುತ್ತಲೇ ಇದ್ದರು. ಪ್ರಶ್ನೆಪತ್ರಿಕೆ ಎಲ್ಲಿಂದಲೋ ಅಚ್ಚಾಗಿ ಬಂದಿತ್ತು. ಅದರಲ್ಲಿ 4 ಅಂಕಕ್ಕೆ ಈ ಲೆಕ್ಕ: ಸರೋವರದ ಮೇಲ್ಮೈಯಿಂದ 60 ಮೀಟರ್ ಎತ್ತರದ ಒಂದು ಬಿಂದುವಿನಿಂದ ನೋಡಿದಾಗ ಮೋಡದ ಉನ್ನತ ಕೋನ (ಕಣ್ಣಿನ ಮಟ್ಟದಿಂದ ಮೇಲಕ್ಕೆ) 30 ಡಿಗ್ರಿ, ನೀರಿನಲ್ಲಿ ಅದರ ಪ್ರತಿಬಿಂಬದ ಅವನತ ಕೋನ (ಕಣ್ಣಿನ ಮಟ್ಟದಿಂದ ಕೆಳಕ್ಕೆ) 60 ಡಿಗ್ರಿ. ಹಾಗಾದರೆ ಸರೋವರದ ಮೇಲ್ಮೈಯಿಂದ ಮೋಡ ಎಷ್ಟು ಎತ್ತರದಲ್ಲಿದೆ?

ನಮ್ಮ ಪಠ್ಯದ ಆ ಪಾಠದಲ್ಲಿ ಗೋಪುರ ಇತ್ತು, ಏಣಿ ಇತ್ತು, ಗಾಳಿಪಟ ಇತ್ತು, ದೀಪಸ್ತಂಭದಿಂದ ಕಾಣುವ ಹಡಗುಗಳೂ ಇದ್ದವು. ಸಮುದ್ರ ಕಾಣದ ನಾವು ಹಡಗಿನ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡು ಬಿಡಿಸುತ್ತಿದ್ದೆವು. ಆದರೆ ಪ್ರತಿಬಿಂಬ ಎಲ್ಲಿಯೂ ಇರಲಿಲ್ಲ. ಅದು ವಿಜ್ಞಾನದ ಪುಸ್ತಕದ ಸರಕು. ಗಣಿತದ ದಿನ ವಿಜ್ಞಾನ ಯಾರು ಓದಿಕೊಂಡು ಬರುತ್ತಾರೆ?

ನಾನು ಆ ಲೆಕ್ಕದ ಮೇಲೆ 35 ನಿಮಿಷ ಕೂತೆ. ಚಿತ್ರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಮೋಡದ ನೇರ ಕೆಳಗೆ, ನೀರಿನ ಮೇಲೆ ಒಂದು ಚುಕ್ಕೆ ಇಟ್ಟು ಅದೇ ಪ್ರತಿಬಿಂಬ ಅಂದುಕೊಂಡೆ. ಆಮೇಲೆ ಎಲ್ಲ ಸಲೀಸಾಯಿತು. ಅಡ್ಡ ದೂರ 20√3 ಬಂತು. ಮೇಲಿನ ತ್ರಿಕೋನದಿಂದ 20 ಮೀಟರ್ ಸಿಕ್ಕಿತು. 60ಕ್ಕೆ 20 ಕೂಡಿಸಿದರೆ 80. ತಪ್ಪು ಉತ್ತರಕ್ಕೆ ಇಷ್ಟು ಚಂದದ ಮುಖ ಇರಬಾರದು! ಆ ಖುಷಿಯಲ್ಲಿ ಗಡಿಯಾರ ನೋಡಿದರೆ ಹನ್ನೆರಡೇ ನಿಮಿಷ ಉಳಿದಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆಯುತ್ತಿದ್ದ ಪೈಥಾಗೊರಸ್ ಪ್ರಮೇಯವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೆ. ಆ ಪ್ರಶ್ನೆ ತನ್ನ 4 ಅಂಕ ತಿಂದು ಸುಮ್ಮನಾಗಲಿಲ್ಲ, ಪಕ್ಕದವರ ತಟ್ಟೆಗೂ ಕೈ ಹಾಕಿತು.

ಒಬ್ಬೊಬ್ಬರದು ಒಂದೊಂದು ಉಪಾಯ. ಒಬ್ಬಳು ಪ್ರಶ್ನೆಯನ್ನೇ ದುಂಡಗೆ ಎರಡು ಸಲ ಬರೆದು ಬಂದಿದ್ದಳು. ಇನ್ನೊಬ್ಬ ಪುಟ ಖಾಲಿ ಬಿಟ್ಟು ಮುಂದೆ ಹೋಗಿದ್ದ. ಅವನೇ ನಮ್ಮೆಲ್ಲರಿಗಿಂತ ಜಾಣ ಅಂತ ಆಮೇಲೆ ಗೊತ್ತಾಯಿತು. ಮುನಿರಾಬಾದಿನಿಂದ ಬರುತ್ತಿದ್ದ ಹುಡುಗಿಗೆ ಮಾತ್ರ ಬೇರೆಯದೇ ತಕರಾರು. "ನಮ್ಮ ಡ್ಯಾಮೇ 49 ಮೀಟರ್ ಐತಿ. ಇವ್ರು 60 ಮೀಟರ್ ಮ್ಯಾಲೆ ಎಲ್ಲಿ ನಿಂತಾರ?" ಅಂತ ಕೇಳಿದಳು. 33 ಗೇಟಿನ ತುಂಗಭದ್ರಾ ಅಣೆಕಟ್ಟನ್ನು ದಿನಾ ನೋಡುವವಳ ಪ್ರಶ್ನೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಕಿನ್ನಾಳದ ಹುಡುಗ ಲೆಕ್ಕವನ್ನೇ ಮಾಡಿರಲಿಲ್ಲ. ಅವನದು ಗೊಂಬೆ ಮಾಡುವ ಮನೆತನ. ಕೈ ಸುಮ್ಮನಿರಲು ಬಿಡದೆ ಇಡೀ ಪುಟದ ತುಂಬ ಚಿತ್ರ ಬರೆದಿದ್ದ. ಕೆರೆ, ಗುಡ್ಡದ ಮೇಲೆ ನಿಂತ ಮನುಷ್ಯ, ಮೇಲೆ ಮೋಡ, ನೀರಿನಲ್ಲಿ ತಲೆಕೆಳಗಾದ ಮೋಡ, ಅದರ ಪಕ್ಕ ಎರಡು ಮೀನು.

ಮೂರನೇ ದಿನ ಗಣಿತದ ಸರ್ ಪತ್ರಿಕೆ ತಿದ್ದಿಕೊಂಡು ಬಂದರು. ಬೋರ್ಡಿನ ಮೇಲೆ 120 ಎಂದು ಬರೆದರು. ಎಂಬತ್ತರ ಗುಂಪು ಒಮ್ಮೆಲೇ ಗದ್ದಲ ಎಬ್ಬಿಸಿತು. ಅವರು ಬೈಯಲಿಲ್ಲ. "ಪ್ರಶ್ನೆ ತಪ್ಪಿಲ್ಲ. ಆದ್ರ ಇದನ್ನ ಒಮ್ಮೆಯೂ ತೋರಸ್ದ ನಿಮಗ ಕೇಳಬಾರದಿತ್ತು" ಅಂದರು. ದೊಡ್ಡವರೊಬ್ಬರು ನಮ್ಮ ಪರವಾಗಿ ಅಷ್ಟು ಹೇಳಿದ್ದೇ ಸಾಕಾಗಿತ್ತು. ಆಮೇಲೆ ಕಿನ್ನಾಳದವನ ಉತ್ತರಪತ್ರಿಕೆ ಎತ್ತಿ ಹಿಡಿದರು. ನಾವು ನಗಲು ತಯಾರಾದೆವು.

"ಇಡೀ ಕ್ಲಾಸಿನೊಳಗ ಇವಂದೊಂದೇ ಚಿತ್ರ ಸರಿ ಐತಿ."

ಸ್ಕೇಲ್ ಇಟ್ಟು ತೋರಿಸಿದರು. ನೀರಿನ ಗೆರೆಯಿಂದ ಮೋಡ ಎಷ್ಟು ಮೇಲಿದೆಯೋ, ಮೋಡದ ಪ್ರತಿಬಿಂಬ ಅಷ್ಟೇ ಕೆಳಗಿತ್ತು. ಅವನು ಅಳತೆ ಮಾಡಿ ಬರೆದದ್ದಲ್ಲ. "ನೀರಾಗ ಹಂಗs ಕಾಣ್ತೈತ್ರಿ ಸರ" ಅಂದ. ಅವನಿಗೆ ಚಿತ್ರದ 1 ಅಂಕ ಸಿಕ್ಕಿತ್ತು. ಮೀನಿಗೆ ಏನೂ ಇಲ್ವಾ ಅಂತ ಕೇಳಿ ತಲೆ ಮೇಲೆ ಒಂದು ತಟ್ಟಿಸಿಕೊಂಡ.

ಆದರೂ ನಾವು ಒಪ್ಪಲಿಲ್ಲ. ಪ್ರತಿಬಿಂಬ ನೀರಿನ ಮೇಲೆಯೇ ಇರುತ್ತದೆ, ಕಣ್ಣಿಗೆ ಕಾಣುತ್ತದಲ್ಲ! ಸರ್ ಬಿಸಿಯೂಟದ ಕೋಣೆಯಿಂದ ಒಂದು ಅಗಲವಾದ ಬೋಗುಣಿ ತರಿಸಿ, ನೀರು ತುಂಬಿಸಿ, ಧ್ವಜಸ್ತಂಭದಿಂದ 4 ಮೀಟರ್ ದೂರದಲ್ಲಿ ಇಡಿಸಿದರು. ಕಂಬದ ತುದಿ ನೀರಿನ ನಡುವೆ ಕಾಣುವವರೆಗೆ ಹಿಂದೆ ಮುಂದೆ ಸರಿಯಲು ಹೇಳಿದರು. ನನಗೆ ಬೋಗುಣಿಯಿಂದ 1 ಮೀಟರ್ ದೂರದಲ್ಲಿ ಕಂಡಿತು. ಪಕ್ಕದಲ್ಲಿದ್ದವಳು ಗಿಡ್ಡ, ಅವಳು ಇನ್ನೂ ಹತ್ತಿರ ಬರಬೇಕಾಯಿತು. ಅಲ್ಲಿಗೆ ನಮ್ಮ ಬಾಯಿ ಬಂದಾಯಿತು. ಚಿತ್ರ ನೀರಿನ ಮೇಲೆ ಅಂಟಿಕೊಂಡಿದ್ದರೆ ಎಲ್ಲಿ ನಿಂತರೂ ಅದೇ ಜಾಗದಲ್ಲಿ ಕಾಣಬೇಕಿತ್ತು, ಅಲ್ವಾ? ಸರಿದಂತೆಲ್ಲ ಅದೂ ಸರಿಯುತ್ತಿತ್ತು. ಕಂಬದ ತುದಿ ನೀರಿನ ಆಚೆ, ಎಲ್ಲೋ ಆಳದಲ್ಲಿ ಇದ್ದಂತೆ.

ನೆಲದಿಂದ ನನ್ನ ಕಣ್ಣಿನ ಎತ್ತರ 1.4 ಮೀಟರ್. ಒಂದಕ್ಕೆ 1.4 ಆದರೆ ನಾಲ್ಕಕ್ಕೆ 5.6. ಕಂಬ 5.6 ಮೀಟರ್, ಅಂದರೆ ಸುಮಾರು ಹದಿನೆಂಟೂವರೆ ಅಡಿ. ಅಷ್ಟರಲ್ಲಿ ಜವಾನ ಬಂದು ತಲೆ ಅಲ್ಲಾಡಿಸಿದರು. "ನಾನs ನಿಂತು ಹಾಕ್ಸೀನಿ. ಇಪ್ಪತ್ತಡಿ ಪೈಪ್ ಅದು." ನಮ್ಮ ಮುಖ ಬಾಡಿತು. ಅವರು ಸ್ವಲ್ಪ ಯೋಚಿಸಿ, "ಒಂದೂವರಿ ಅಡಿ ಕಾಂಕ್ರೀಟಿನಾಗ ಹೋಗೇತಿ ಬಿಡ್ರಿ" ಅಂದರು. ಅಂಥ ಕೂಗು ನಮ್ಮ ಶಾಲೆಯ ಅಂಗಳ ಕಬಡ್ಡಿ ಗೆದ್ದಾಗಲೂ ಕೇಳಿರಲಿಲ್ಲ.

ಒಳಗೆ ಹೋಗಿ ಲೆಕ್ಕ ಮಾಡಿದರೆ ಮೂರೇ ಸಾಲು. ಮೋಡದ ಎತ್ತರ H ಆದರೆ, ನೋಡುವವನ ಕಣ್ಣಿನಿಂದ ಮೋಡ H – 60 ಮೇಲೆ, ಪ್ರತಿಬಿಂಬ H + 60 ಕೆಳಗೆ. 30 ಮತ್ತು 60 ಡಿಗ್ರಿ ಕೋನಗಳಿಂದಾಗಿ H + 60 ಅನ್ನುವುದು H – 60ರ ಮೂರು ಪಟ್ಟು. H = 120. ನಿಜವಾದ ಮೋಡ ಅಷ್ಟು ಕೆಳಗೆ ಬಂದರೆ ಮಳೆಗಾಲವೇ ಬೇರೆ ಇರುತ್ತಿತ್ತು ಬಿಡಿ. ಮಾರ್ಚಿನ ಪರೀಕ್ಷೆಯಲ್ಲಿ ಮೋಡವೂ ಬರಲಿಲ್ಲ, ಕೆರೆಯೂ ಬರಲಿಲ್ಲ. ಪೈಥಾಗೊರಸ್ ಅನ್ನು ಈ ಸಲ ಮೊದಲೇ ಬರೆದು ಮುಗಿಸಿದ್ದೆ.

ಈಗ ಬಿ.ಎಡ್. ಓದುತ್ತಿದ್ದೇನೆ. ಪ್ರಶ್ನೆಪತ್ರಿಕೆ ತೆಗೆಯುವ ಪಾಠದ ಹೊತ್ತಿಗೆ 2015ರಲ್ಲಿ ಬ್ರಿಟನ್ನಿನ ನಮ್ಮದೇ ವಯಸ್ಸಿನ ಮಕ್ಕಳನ್ನು ಕಾಡಿದ ಒಂದು ಪ್ರಶ್ನೆ ಸಿಕ್ಕಿತು. ಚೀಲದಲ್ಲಿ n ಮಿಠಾಯಿ, ಅದರಲ್ಲಿ 6 ಕಿತ್ತಳೆ ಬಣ್ಣದ್ದು. ಹ್ಯಾನಾ ನೋಡದೆ ಒಂದು ತೆಗೆದು ತಿನ್ನುತ್ತಾಳೆ, ಆಮೇಲೆ ಇನ್ನೊಂದು. ಎರಡೂ ಕಿತ್ತಳೆ ಆಗುವ ಸಂಭವನೀಯತೆ 1/3. ಹಾಗಾದರೆ n² – n – 90 = 0 ಎಂದು ತೋರಿಸಿ. ಮಿಠಾಯಿ ಎಣಿಸುತ್ತ ಕೂತವರ ಮುಂದೆ ಏಕಾಏಕಿ ವರ್ಗ ಸಮೀಕರಣ! ಆ ಮಕ್ಕಳು ಟ್ವಿಟರ್ ತುಂಬ ಅತ್ತರು, ನಕ್ಕರು. ನಮಗೆ ಬೇವಿನ ಮರ ಇತ್ತು.

ಅದನ್ನು ಕಿನ್ನಾಳದವನಿಗೆ ವಾಟ್ಸಾಪ್ ಮಾಡಿ, ಸಮೀಕರಣ ಬಿಡು, ಚೀಲದಲ್ಲಿ ಮಿಠಾಯಿ ಎಷ್ಟಿದ್ದವು ಹೇಳು ಅಂದೆ. ಅವನು ಈಗ ಅಪ್ಪನ ಜೊತೆ ಗೊಂಬೆಗೆ ಬಣ್ಣ ಹಚ್ಚುತ್ತಾನೆ. ಸಂಜೆ ಒಂದು ಫೋಟೋ ಬಂತು. ರಟ್ಟಿನ ತುಂಡಿನ ಮೇಲೆ ಬಾಯಿ ತೆರೆದ ಒಂದು ಚೀಲ, ಅದರೊಳಗೆ ಆರು ಕಿತ್ತಳೆ ಮಿಠಾಯಿ, ನಾಲ್ಕು ಹಳದಿ. ಲೆಕ್ಕ ಒಂದು ಸಾಲೂ ಇರಲಿಲ್ಲ. ಚೀಲದ ಪಕ್ಕ ಎರಡು ಮೀನು ಇದ್ದವು.