ಕ್ರೋಮ್ ವೀಲಿಗೆ ಮರುಬಣ್ಣ: ಟೇಪ್ ಎರಡು ಸಲ ಅಂಟಿಸಬೇಕು

ಶನಿವಾರ, 15 ಫೆಬ್ರವರಿ 2025

ಇವತ್ತು ಎರಡು ವೀಲ್‌ಗಳ ಕೆಲಸ, ನಾಳೆ ಉಳಿದೆರಡು. 1960ರ ದಶಕದ ಕೊನೆಯ ಅಮೆರಿಕನ್ ಕಾರುಗಳಲ್ಲಿ ಕಾಣುವ ಮ್ಯಾಗ್ನಮ್ 500 ಮಾದರಿಯ ಸ್ಟೀಲ್ ವೀಲ್‌ಗಳು: ಐದು ಕಡ್ಡಿ, ಕಡ್ಡಿಗಳ ಮೇಲ್ಮೈ ಕ್ರೋಮ್, ತಗ್ಗುಗಳಲ್ಲಿ ಕಪ್ಪು ಬಣ್ಣ. ಕ್ರೋಮ್ ಇನ್ನೂ ಗಟ್ಟಿಯಾಗಿದೆ. ತಗ್ಗಿನ ಕಪ್ಪು ಮಾತ್ರ ಚಕ್ಕೆ ಚಕ್ಕೆಯಾಗಿ ಎದ್ದಿದೆ.

ಹೀಗೆ ಏಳುವುದಕ್ಕೆ ಬಣ್ಣ ಕಳಪೆಯಾಗಿರಬೇಕೆಂದೇನಿಲ್ಲ. ಕ್ರೋಮಿನ ಮೈ ಗಾಜಿನಷ್ಟು ನುಣುಪು, ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಬೇರೆ. ಬಣ್ಣಕ್ಕೆ ಹಿಡಿತವೇ ಸಿಗುವುದಿಲ್ಲ. ಉಜ್ಜಿ ತರಿ ಮಾಡಿ, ಎಚ್ (etch) ಪ್ರೈಮರ್, ಅಂದರೆ ಆಮ್ಲ ಬೆರೆತು ಲೋಹಕ್ಕೆ ಕಚ್ಚಿಕೊಳ್ಳುವ ತಳಬಣ್ಣ, ಹೊಡೆದರೆ ಮಾತ್ರ ನಿಲ್ಲುತ್ತದೆ. ಆದರೆ ಉಜ್ಜಿದ ಜಾಗದ ಹೊಳಪು ಮತ್ತೆ ಬರುವುದಿಲ್ಲ. ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗೂ ಕಡಿಮೆ, ಅದರಡಿ ಇರುವುದು ಮೆದುವಾದ ನಿಕಲ್. ಹಾಗಾಗಿ ಉಜ್ಜು ನಿಲ್ಲುವ ಗೆರೆ ಮತ್ತು ಬಣ್ಣ ನಿಲ್ಲುವ ಗೆರೆ ಒಂದೇ ಆಗಿರಬೇಕು. ಈ ಕೆಲಸದ ಕಷ್ಟವೆಲ್ಲ ಇರುವುದು ಅಲ್ಲೇ.

ಮೊದಲು ತೊಳೆಯುವುದು. ಸೋಪುನೀರು, ಬ್ರಷ್, ಆಮೇಲೆ ಜಿಡ್ಡು ತೆಗೆಯುವ ದ್ರಾವಣ. ಆಮ್ಲ ಇರುವ ವೀಲ್ ಕ್ಲೀನರ್ ಬೇಡ. ಕ್ರೋಮಿನ ಸಣ್ಣ ಬಿರುಕುಗಳೊಳಗೆ ಇಳಿದು ಕೆಳಗಿನ ಲೋಹವನ್ನು ತಿನ್ನುತ್ತದೆ. ಟೈರನ್ನೂ ಚೆನ್ನಾಗಿ ತೊಳೆಯಬೇಕು. ಟೈರ್ ಪಾಲಿಶಿನ ಸಿಲಿಕೋನ್ ಒಂದಿಷ್ಟು ಉಳಿದರೂ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಸಣ್ಣ ಕುಳಿ ಬೀಳುತ್ತದೆ. ಕ್ರೋಮ್ ಮೇಲಿನ ತುಕ್ಕಿನ ಚುಕ್ಕೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಉಜ್ಜಿದರೆ ಸಾಕು. ತಗ್ಗಿನ ಹಳೇ ಬಣ್ಣಕ್ಕೆ ಪೇಂಟ್ ರಿಮೂವರ್ ಹಚ್ಚಿ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯಬೇಕು. ಸ್ಯಾಂಡ್‌ಬ್ಲಾಸ್ಟಿಂಗ್ ಇಲ್ಲಿ ಬೇಡವೇ ಬೇಡ, ಮರಳು ತಾಗಿದ ಕ್ರೋಮ್ ಮಂಕಾಗಿಬಿಡುತ್ತದೆ. ಕ್ರೋಮ್ ಲೇಪನವೇ ಉಗುರಿಗೆ ಸಿಕ್ಕಿ ಏಳುವ ಹಾಗಿದ್ದರೆ ಬಣ್ಣದ ಯೋಚನೆ ಬಿಟ್ಟು ಮರುಲೇಪನಕ್ಕೆ ಕೊಡುವುದೇ ಸರಿ.

ಟೈರ್ ಕಳಚುವ ಅಗತ್ಯವಿಲ್ಲ, ತಗ್ಗುಗಳಿಗೆ ಮಾತ್ರ ಬಣ್ಣ ಬೀಳುವುದರಿಂದ ಕಾಗದ ಮುಚ್ಚಿದರೆ ಆಯಿತು.

ಇನ್ನು ಟೇಪ್. ಅಂಚಿಗೆ 3 ಮಿ.ಮೀ. ಅಗಲದ ಪ್ಲಾಸ್ಟಿಕ್ ಫೈನ್‌ಲೈನ್ ಟೇಪೇ ಬೇಕು. ಸಾಮಾನ್ಯ ಪೇಪರ್ ಟೇಪಿನ ಮೈ ಸುಕ್ಕುಸುಕ್ಕು, ಆ ಸುಕ್ಕಿನಡಿ ಬಣ್ಣ ನುಗ್ಗಿ ಅಂಚು ಹಲ್ಲುಹಲ್ಲಾಗುತ್ತದೆ. ಮೊದಲ ಸುತ್ತು ಫೈನ್‌ಲೈನ್ ಅಂಟಿಸಿ, ಒಳಗಡೆ ಬೂದು ಸ್ಕಾಚ್‌ಬ್ರೈಟಿನಿಂದ, ಮೂಲೆಗಳಲ್ಲಿ ಮಡಚಿದ 400 ನಂಬರಿನ ಎಮೆರಿ ಪೇಪರಿನಿಂದ, ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು. ಅಂಚಿನ ಉದ್ದಕ್ಕೂ ಕೈ ಆಡಿಸಬೇಕು, ಅಡ್ಡಡ್ಡ ಅಲ್ಲ. ಇಷ್ಟಾಗುವಾಗ ಟೇಪಿನ ಅಂಚು ನವೆದು ಹೋಗಿರುತ್ತದೆ. ಅದರ ಮೇಲೇ ಬಣ್ಣ ಹೊಡೆಯುವವರು ಬಹಳ ಮಂದಿ, ಗೆರೆ ಕೆಡುವುದೂ ಅಲ್ಲೇ. ಆ ಟೇಪ್ ಕಿತ್ತು, ಧೂಳು ಒರೆಸಿ, ಜಿಡ್ಡು ತೆಗೆದು, ಹೊಸ ಟೇಪನ್ನು ಕ್ರೋಮ್ ಕಡೆಗೆ ಅರ್ಧ ಮಿ.ಮೀ. ಸರಿಸಿ ಅಂಟಿಸಬೇಕು. ಉಜ್ಜಿದ ಮಂಕು ಪಟ್ಟಿ ಒಂದು ಕೂದಲಿನಷ್ಟೂ ಹೊರಗೆ ಕಾಣಬಾರದು.

ತಿರುವಿನಲ್ಲಿ ಟೇಪನ್ನು ಎಳೆಯಬಾರದು. ಎಳೆದು ಅಂಟಿಸಿದ ಪ್ಲಾಸ್ಟಿಕ್ ಸ್ವಲ್ಪ ಹೊತ್ತಿನಲ್ಲಿ ಕುಗ್ಗಿ ಮೇಲೇಳುತ್ತದೆ. ಚೂಪು ಮೂಲೆಯಲ್ಲಿ ಒಂದೇ ಟೇಪನ್ನು ಬಗ್ಗಿಸುವ ಬದಲು ಎರಡು ತುಂಡು ಒಂದರ ಮೇಲೊಂದು ದಾಟಿಸುವುದು ಲೇಸು. ಕ್ರೋಮ್ ಮೇಲೆ ಬ್ಲೇಡ್ ಇಡಬೇಡಿ, ಗೀರು ಬಿದ್ದಲ್ಲಿಂದ ತುಕ್ಕು ಶುರು. ಅಂಟಿಸಿದ ಮೇಲೆ ಉಗುರಿನಿಂದ ಅಂಚನ್ನು ಒತ್ತುತ್ತಾ ಹೋಗಿ, ಟಾರ್ಚ್ ಓರೆಯಾಗಿ ಹಿಡಿದು ನೋಡಬೇಕು. ಗೋಂದು ಪೂರ್ತಿ ಕೂತ ಕಡೆ ಟೇಪಿನ ಬಣ್ಣ ಗಾಢವಾಗಿ, ಒಂದೇ ಸಮ ಕಾಣುತ್ತದೆ. ಗಾಳಿ ಉಳಿದ ಕಡೆ ಬಿಳಿಚಿಕೊಂಡ ಚುಕ್ಕೆ. ಆ ಚುಕ್ಕೆ ಅಂಚಿಗೆ ತಾಗಿದ್ದರೆ ಬಣ್ಣ ಒಳಹೊಕ್ಕಿತೆಂದೇ ಲೆಕ್ಕ. ಇದರ ಹಿಂದೆ 18 ಮಿ.ಮೀ. ಪೇಪರ್ ಟೇಪ್, ಅದಕ್ಕೆ ಮಾಸ್ಕಿಂಗ್ ಪೇಪರ್ (ಬಣ್ಣ ತಾಗದಂತೆ ಮುಚ್ಚುವ ಕಾಗದ). ಒಂದೇ ಹಾಳೆ ಸುದ್ದಿಪತ್ರಿಕೆ ಥಿನ್ನರ್ ಹೀರಿ, ಶಾಯಿಯನ್ನು ಕ್ರೋಮಿಗೆ ದಾಟಿಸುತ್ತದೆ.

ನಟ್ ಕೂರುವ ತೂತುಗಳನ್ನು ಮರೆಯುವ ಹಾಗೇ ಇಲ್ಲ. ನಟ್ಟಿನ ಓರೆ ಕೂರುವ ಜಾಗಕ್ಕಾಗಲಿ, ವೀಲ್ ಹಬ್ಬಿಗೆ (ಆಕ್ಸಲ್ ತುದಿಯ ಭಾಗಕ್ಕೆ) ಒರಗುವ ಹಿಂಬದಿಗಾಗಲಿ ಬಣ್ಣ ಬೀಳಬಾರದು. ಆ ಪದರ ಓಡಾಟದಲ್ಲಿ ನಲುಗಿ ತೆಳುವಾದಂತೆ ನಟ್ಟಿನ ಬಿಗಿ ಸಡಿಲವಾಗುತ್ತದೆ. ತೂತುಗಳಿಗೆ ಫೋಮ್ ತುರುಕಿದರೆ ಸಾಕು.

ಪ್ರೈಮರ್ 400 ಮಿ.ಲೀ. ಸ್ಪ್ರೇ ಕ್ಯಾನ್ ಒಂದು ನಾಲ್ಕೂ ವೀಲಿಗೆ ಸಾಲುತ್ತದೆ. ಕಪ್ಪು, ಅರೆ ಹೊಳಪಿನದು, ಎರಡು ಕ್ಯಾನ್ ಇಟ್ಟುಕೊಂಡರೆ ನಿಶ್ಚಿಂತೆ. ಕ್ಯಾನಿನೊಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಅಲ್ಲಾಡಿಸಿ, 20–25 ಸೆಂ.ಮೀ. ದೂರದಿಂದ ಹೊಡೆಯಬೇಕು. ಎಚ್ ಪ್ರೈಮರ್ ತೆಳುವಾಗಿ ಒಂದೇ ಕೋಟ್. ದಪ್ಪವಾದರೆ ಒಳಗಡೆ ಹಸಿಯಾಗಿಯೇ ಉಳಿಯುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟರೆ ತೇವ ಹೀರುತ್ತದೆ, ಆದ್ದರಿಂದ ಬಣ್ಣ ಅದೇ ದಿನ. ಎರಡೆರಡೇ ವೀಲ್ ಹಿಡಿದದ್ದು ಅದಕ್ಕೇ. ಬಣ್ಣ ಮೂರು ಕೋಟ್: ಮೊದಲನೆಯದು ಮಂಜಿನ ಹಾಗೆ, ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು ತುಂಬಿಬರುವಂತೆ. ಕ್ಯಾನನ್ನು ಟೇಪಿನ ಮೇಲಿನಿಂದ ತಗ್ಗಿನ ಒಳಮುಖವಾಗಿ ಹಿಡಿಯಬೇಕು. ಒಳಗಿನಿಂದ ಅಂಚಿನ ಕಡೆಗೆ ಹೊಡೆದರೆ ಗಾಳಿಯ ಒತ್ತಡವೇ ಬಣ್ಣವನ್ನು ಟೇಪಿನಡಿ ತಳ್ಳುತ್ತದೆ. ಎನಾಮೆಲ್ ಆದರೆ ಕ್ಯಾನಿನ ಮೇಲೆ ಬರೆದ ಮರುಕೋಟ್ ಸಮಯ ಮೀರಬೇಡಿ. ಅರ್ಧ ಒಣಗಿದ ಪದರಕ್ಕೆ ಹೊಸ ಥಿನ್ನರ್ ತಾಗಿದರೆ ಬಣ್ಣದ ಮೈ ಸುಕ್ಕುಗಟ್ಟುತ್ತದೆ, ಆಮೇಲೆ ಪೂರ್ತಿ ಕೆರೆಯದೆ ಗತಿಯಿಲ್ಲ. ಗಾಳಿಯಾಡುವ ಜಾಗ ಮತ್ತು ರಾಸಾಯನಿಕ ಆವಿ ತಡೆಯುವ ಮಾಸ್ಕ್ ಕಡ್ಡಾಯ.

ಮಾಸ್ಕಿಂಗೇ ಇಲ್ಲದೆ ಎಲ್ಲಾ ಕಡೆ ಬಣ್ಣ ಹೊಡೆದು, ಕಡ್ಡಿಯ ಮೇಲಿನದನ್ನು ಥಿನ್ನರ್ ಬಟ್ಟೆಯಿಂದ ಒರೆಸುವ ಪದ್ಧತಿಯೂ ಇದೆ. ಉಜ್ಜದ ಕ್ರೋಮ್ ಬಣ್ಣ ಹಿಡಿಯದಿರುವುದೇ ಅಲ್ಲಿ ಅನುಕೂಲ. ಕಡ್ಡಿಯ ಅಂಚು ಚೂಪಾಗಿದ್ದು, ಬಟ್ಟೆಯನ್ನು ಮರದ ತುಂಡಿಗೆ ಬಿಗಿದು ಒರೆಸಿದರೆ ಚೆನ್ನಾಗಿಯೇ ಬರುತ್ತದೆ. ಅಂಚು ಗುಂಡಗಿದ್ದರೆ ಗೆರೆ ಅಂಕುಡೊಂಕು. ಈ ವೀಲ್‌ಗಳ ಅಂಚು ಗುಂಡಗೇ ಇದೆ.

ಟೇಪ್ ಕೀಳುವುದು ಕೊನೆಯ ಕೋಟಿನ ಮೇಲೆ ಇಪ್ಪತ್ತು–ಮೂವತ್ತು ನಿಮಿಷಕ್ಕೆ, ಬೆರಳಿಗೆ ಅಂಟಂಟು ಅನಿಸುವಾಗ. ಟೇಪನ್ನು ಅದರ ಮೇಲಕ್ಕೇ ಹಿಂದಕ್ಕೆ ಮಡಚಿ, ಬಣ್ಣದಿಂದ ಆಚೆಗೆ, ನಿಧಾನ ಎಳೆಯಬೇಕು. ಪೂರ್ತಿ ಒಣಗಲು ಬಿಟ್ಟರೆ ಟೇಪಿನ ಮೇಲಿನ ಪದರವೂ ತಗ್ಗಿನ ಪದರವೂ ಒಂದೇ ಹೊದಿಕೆಯಾಗಿ, ಅಂಚು ಹರಿದು ಬರುತ್ತದೆ. ಉಳಿದ ಗೋಂದಿಗೆ ಸೀಮೆಎಣ್ಣೆ ಬಟ್ಟೆ, ಆದರೆ ಬಣ್ಣ ಗಟ್ಟಿಯಾದ ಮೇಲೆ, ಕ್ರೋಮ್ ಮೇಲಷ್ಟೇ.

ಎರಡು ದಿನ ಬಿಟ್ಟು ವೀಲ್ ಕೂರಿಸಬಹುದು. ನಟ್‌ಗಳನ್ನು ಕಾರಿನ ಕೈಪಿಡಿ ಹೇಳಿದ ಟಾರ್ಕಿಗೆ (ತಿರುಗಿಸಿ ಬಿಗಿಯುವ ಬಲದ ಅಳತೆಗೆ), ಒಂದು ಬಿಟ್ಟು ಒಂದರಂತೆ ಬಿಗಿದು, 80–100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಬೇಕು.