ಟ್ವೀಟರ್ ಒಂದಿದ್ದರೆ ಸಾಲದು: ಬೇಸ್ ಕ್ಯಾಬಿನೆಟ್ ಕುರಿತು ಮುಂಬಯಿಯಿಂದ

ಮುಂಬಯಿಯ ಕನ್ನಡಿಗರ ಭಾವಗೀತೆ ಕಾರ್ಯಕ್ರಮಗಳಲ್ಲಿ, ರಸಮಂಜರಿಗಳಲ್ಲಿ ತಬಲಾ, ಕೀಬೋರ್ಡ್, ರಿದಂ ಪ್ಯಾಡುಗಳ ಜೊತೆಗೆ ಬೇಸ್ ಗಿಟಾರ್ ಕೂಡ ಈಗ ಅಪರೂಪವೇನಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ಸಭಾಗೃಹದಲ್ಲಾಗಲಿ, ಡೊಂಬಿವಲಿಯ ಕಡೆಯ ಶಾಲೆಗಳ ಹಾಲ್‌ಗಳಲ್ಲಾಗಲಿ ನುಡಿಸುವ ನಮ್ಮಂಥವರಿಗೆ ಹುಬ್ಬಳ್ಳಿ, ಉಡುಪಿಗಳ ಗೆಳೆಯರು ಫೋನಿನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ತಂತಿಯ ಪ್ರತಿ ಮೀಟೂ ಬಿಡಿಬಿಡಿಯಾಗಿ ಕೇಳಿಸಬೇಕಾದರೆ ಯಾವ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಕೊಳ್ಳಬೇಕು? 15 ಇಂಚಿನ ಸ್ಪೀಕರ್, ಅದರ ಮೇಲೊಂದು ಟ್ವೀಟರ್, ಅಂದರೆ ಮೇಲಿನ ನಾದಕ್ಕೆಂದೇ ಇರುವ ಪುಟ್ಟ ಸ್ಪೀಕರ್, ಇದ್ದರೆ ಆಯಿತೆಂದು ಹಲವರು ಕೇಳುವ ಮೊದಲೇ ತೀರ್ಮಾನಿಸಿರುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ದೊಡ್ಡ ಸ್ಪೀಕರ್ ನಾದವನ್ನು ಬಿಟ್ಟುಕೊಡುವ ಮತ್ತು ಟ್ವೀಟರ್ ಅದನ್ನು ವಹಿಸಿಕೊಳ್ಳುವ ನಡುವಿನ ಜಾಗ ಹೇಗಿದೆ ಎಂಬುದೇ ಸ್ಪಷ್ಟತೆಯ ಬಹುಪಾಲನ್ನು ನಿರ್ಧರಿಸುತ್ತದೆ.

ನಾಲ್ಕು ತಂತಿಯ ಬೇಸಿನ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಐದು ತಂತಿಯದಾದರೆ ಬಿ ತಂತಿ ಸುಮಾರು 31 ಬಾರಿ. ಆದರೆ ಸ್ವರ ಯಾವುದು, ಎಲ್ಲಿ ಆರಂಭವಾಯಿತು, ಮೀಟಿದ್ದು ಬೆರಳಿನಿಂದಲೋ ಪಿಕ್‌ನಿಂದಲೋ ಎಂಬುದನ್ನು ಕಿವಿ ಗುರುತಿಸುವುದು ಇದಕ್ಕಿಂತ ಎಷ್ಟೋ ಮೇಲೆ, ಸುಮಾರು 700ರಿಂದ 3000 ಹರ್ಟ್ಸ್‌ವರೆಗಿನ ಹಾರ್ಮೋನಿಕ್‌ಗಳ, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಕಂಪನಗಳ, ನೆರವಿನಿಂದ (ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ). ನಮ್ಮ ಮೇಳಗಳಲ್ಲಿ ಇದು ಇನ್ನೂ ಮುಖ್ಯವಾಗುತ್ತದೆ, ಏಕೆಂದರೆ ತಬಲಾದ ಡಗ್ಗಾ ಮತ್ತು ಬೇಸ್ ಗಿಟಾರ್ ಎರಡೂ ಕೆಳಗಿನ ನಾದದಲ್ಲಿ ಒಂದೇ ಜಾಗಕ್ಕೆ ಬಂದು ಕೂರುತ್ತವೆ. ಕುಂದಾಪುರ ಮೂಲದ ನಮ್ಮ ತಬಲಾ ವಾದಕರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಒಮ್ಮೆ ತಾಲೀಮಿನ ನಡುವೆ, “ಮಾರಾಯ, ನಿನ್ನ ಪೆಟ್ಟಿಗೆಯಿಂದ ಗುಂಯ್ ಎನ್ನುವುದು ಮಾತ್ರ ಬರುತ್ತದೆ, ಸ್ವರ ಯಾವುದೆಂದು ಗೊತ್ತಾಗುವುದೇ ಇಲ್ಲ” ಎಂದರು. ಯಂತ್ರದ ಭಾಷೆ ಅವರಿಗೆ ಬೇಕಾಗಿರಲಿಲ್ಲ. ಆದರೆ ರೋಗವನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು.

ಸ್ಪೀಕರಿನಲ್ಲಿ ಕಂಪಿಸುವ ಕೋನಿನ ಅಗಲಕ್ಕೂ ಶಬ್ದದ ಅಲೆಯ ಉದ್ದಕ್ಕೂ ಇರುವ ನಂಟನ್ನು ತಿಳಿದುಕೊಂಡರೆ ಆಯ್ಕೆ ಬಹಳ ಸುಲಭವಾಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಈ ಲೆಕ್ಕದಲ್ಲಿ 15 ಇಂಚಿನ, ಅಂದರೆ 38 ಸೆಂಟಿಮೀಟರಿನ ಕೋನಿನಷ್ಟೇ ಉದ್ದದ ಅಲೆ ಸುಮಾರು 900 ಹರ್ಟ್ಸ್‌ನದು. 12 ಇಂಚಿಗೆ ಅದು 1100ರ ಆಸುಪಾಸು, 10 ಇಂಚಿಗೆ 1350. ಈ ಗಡಿಯ ಮೇಲಕ್ಕೆ ಹೋದಂತೆಲ್ಲ ಶಬ್ದವು ಹಾಲ್ ತುಂಬ ಹರಡುವುದನ್ನು ಬಿಟ್ಟು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಕಿರಿದಾಗುತ್ತದೆ. ಆಗ ಮಧ್ಯದ ಸಾಲಿನಲ್ಲಿ ಕುಳಿತವರಿಗೆ ತಂತಿಯ ಕರಕರ ಹೆಚ್ಚಾಗಿ, ಬದಿಯಲ್ಲಿದ್ದವರಿಗೂ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ನುಡಿಸುವವನಿಗೂ ಮಂಕಾಗಿ ಕೇಳಿಸುತ್ತದೆ. ಅವನು ಟ್ರೆಬಲ್ ಏರಿಸುತ್ತಾನೆ, ಮಧ್ಯದವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಧೋಬಿ ತಲಾವ್ ಕಡೆಯ ಸಂಗೀತ ವಾದ್ಯಗಳ ಅಂಗಡಿಗಳಲ್ಲಿ ಪರೀಕ್ಷಿಸುವಾಗ ಪೆಟ್ಟಿಗೆಯ ಎದುರಿಗೆ ನಿಲ್ಲದೆ, ಬೇರೆಯವರ ಕೈಗೆ ಗಿಟಾರ್ ಕೊಟ್ಟು, ಓರೆಯಾಗಿ ಬಾಗಿಲಿನವರೆಗೂ ನಡೆದು ಕೇಳಬೇಕು. ಎರಡು 10 ಇಂಚಿನ ಸ್ಪೀಕರುಗಳು ಅಕ್ಕಪಕ್ಕ ಕುಳಿತಿರುವ ಪೆಟ್ಟಿಗೆಯಲ್ಲಿ ಬದಿಯ ಕೇಳುಗರಿಗೆ ಎರಡರ ದೂರವೂ ಬೇರೆಯಾಗಿ, ಮೇಲಿನ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಖರ್ಚಿಲ್ಲದೆ ಬಹಳಷ್ಟು ಸರಿಹೋಗುತ್ತದೆ.

ಇನ್ನು ಟ್ವೀಟರಿನ ವಿಷಯ. ಲ್ಯಾಮಿಂಗ್ಟನ್ ರಸ್ತೆಯ ಒಂದು ರಿಪೇರಿ ಮೇಜಿನ ಮೇಲೆ ಅಗ್ಗದ ಕ್ಯಾಬಿನೆಟ್ ಒಂದರ ಹಿಂಬದಿಯ ಪ್ಲೇಟನ್ನು ಬಿಚ್ಚಿದ್ದನ್ನು ನೋಡಿದ್ದೇನೆ: ಒಳಗೆ ಅಂಟಿನ ಮುದ್ದೆಯಲ್ಲಿ ಹೂತ ಕೆಳಗಿನ ನಾದವನ್ನು ತಡೆಯುವ ಒಂದೇ ಒಂದು ಕೆಪಾಸಿಟರ್, ಅಲ್ಲಿಂದ ಟ್ವೀಟರಿಗೆ ಹೋಗುವ ಎರಡು ಸಣ್ಣ ವೈರು, ಅಷ್ಟೆ. ದೊಡ್ಡ ಸ್ಪೀಕರಿಗೆ ಮೇಲಿನ ನಾದವನ್ನು ತಡೆಯುವ ಕಾಯಿಲ್ ಇರಲಿಲ್ಲ. ತನಗೆ ಕೈಲಾದಷ್ಟು ಮೇಲಕ್ಕೆ ಅದು ತಾನೇ ಹಾಡಬೇಕು. ಇಂಥವುಗಳಲ್ಲಿ ಟ್ವೀಟರ್ ಎಚ್ಚೆತ್ತುಕೊಳ್ಳುವುದು 5000 ಹರ್ಟ್ಸ್ ಆಸುಪಾಸಿನಲ್ಲಿ. ಅಷ್ಟು ಮೇಲೆ ಬೇಸ್ ಗಿಟಾರಿನಲ್ಲಿ ಉಳಿದಿರುವುದು ಬೆರಳು ತಂತಿಗೆ ಉಜ್ಜುವ ಸದ್ದು ಮತ್ತು ಪೆಡಲುಗಳ ಹಿಸ್ ಮಾತ್ರ, ನಮಗೆ ಬೇಕಾದ ಜಾಗವಂತೂ ಖಾಲಿಯಾಗಿಯೇ ಉಳಿಯುತ್ತದೆ. ಹೆಚ್ಚು ಹಣ ತೆತ್ತರೆ ಸಿಗಬೇಕಾದದ್ದು 2000ದಿಂದ 3000 ಹರ್ಟ್ಸ್ ನಡುವೆಯೇ ಕೆಲಸ ಹಿಡಿಯುವ ಕಹಳೆಯ ಬಾಯಿಯಂಥ ಹಾರ್ನ್ ಜೋಡಿಸಿದ ಕಂಪ್ರೆಷನ್ ಡ್ರೈವರ್ ಎಂಬ ಬಗೆಯ ಟ್ವೀಟರ್, ಇಲ್ಲವೇ ನಡುವಿನ ಭಾಗಕ್ಕೆಂದೇ 6 ಇಂಚಿನ ಪ್ರತ್ಯೇಕ ಸ್ಪೀಕರ್, ಜೊತೆಗೆ ಕೆಳಗಿನ ನಾದ ದೊಡ್ಡ ಸ್ಪೀಕರಿಗೆ, ಮೇಲಿನದು ಟ್ವೀಟರಿಗೆ ಎಂದು ಹಂಚಿ ಎರಡೂ ಕಡೆಗೆ ಕತ್ತರಿ ಹಾಕುವ ನಿಜವಾದ ಕ್ರಾಸ್‌ಓವರ್.

ಟ್ವೀಟರೇ ಇಲ್ಲದ ಪೆಟ್ಟಿಗೆಗಳೂ ಹೆಸರು ಮಾಡಿವೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. 1969ರಲ್ಲಿ ಬಂದ ಆಂಪೆಗ್ ಕಂಪನಿಯ ಎಸ್‌ವಿಟಿ ಬೇಸ್ ಆಂಪ್ಲಿಫೈಯರಿನ ಜೊತೆಗಿದ್ದದ್ದು 10 ಇಂಚಿನ ಎಂಟು ಸ್ಪೀಕರುಗಳ, ಸುತ್ತಲೂ ಮುಚ್ಚಿದ ಪೆಟ್ಟಿಗೆ. ರಾಕ್ ಸಂಗೀತದ ಗುಡುಗಿನ ನಡುವೆ ಅದರ ಒರಟು ಮಧ್ಯನಾದವೇ ಸಾಕಾಗುತ್ತದೆ, ಡಿಸ್ಟಾರ್ಷನ್ ಪೆಡಲ್ ಹಾಕಿದಾಗಲಂತೂ ಟ್ವೀಟರ್ ಇಲ್ಲದಿರುವುದೇ ಲೇಸು. ಸಣ್ಣ ಸಭೆಯ ಭಾವಗೀತೆಗೆ ಮಾತ್ರ ಆ ಮಾತು ಹೊಂದುವುದಿಲ್ಲ. ಅಂಥದ್ದನ್ನು ಹೊತ್ತು ಲೋಕಲ್ ರೈಲಿನ ಲಗೇಜ್ ಡಬ್ಬಿ ಹತ್ತುವ ಧೈರ್ಯವೂ ನನಗಿಲ್ಲ.

ಈ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಸಮುದ್ರದ ತೇವಕ್ಕೆ ತಂತಿಗಳು ಬೇಗ ಮಂಕಾಗುತ್ತವೆ, ಹಾಗಾಗಿ ಪೆಟ್ಟಿಗೆಯನ್ನು ದೂರುವ ಮೊದಲು ಹೊಸ ತಂತಿ ಹಾಕಿ ಕೇಳುವುದು ನ್ಯಾಯ; ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು ನಿಕ್ಕಲ್ ತಂತಿಗಳಿಗಿಂತ ಹೆಚ್ಚು ಹೊಳಪಾಗಿ ನುಡಿಯುತ್ತವೆ. ಮಳೆಗಾಲದಲ್ಲಿ ಒದ್ದೆಯಾದರೆ ಪಾರ್ಟಿಕಲ್ ಬೋರ್ಡ್ ಉಬ್ಬಿ ಸ್ಕ್ರೂಗಳು ಹಿಡಿತ ಬಿಡುತ್ತವೆ, ಆದ್ದರಿಂದ ಪ್ಲೈವುಡ್ಡೇ ಆಗಬೇಕು. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲಿರುವವರು ನಿಯೋಡಿಮಿಯಂ ಅಯಸ್ಕಾಂತದ ಹಗುರ ಸ್ಪೀಕರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ವ್ಯಾಟ್‌ಗಳ ಸಂಖ್ಯೆಗೆ ಮರುಳಾಗುವ ಬದಲು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಸದ್ದು ಹೊರಡುತ್ತದೆ ಎಂಬುದನ್ನು ನೋಡಬೇಕು, 97 ಡೆಸಿಬೆಲ್‌ನ ಪೆಟ್ಟಿಗೆಯಿಂದ 100 ಡೆಸಿಬೆಲ್‌ನದರಷ್ಟು ಸದ್ದು ಹೊರಡಿಸಲು ಎರಡರಷ್ಟು ಶಕ್ತಿ ಬೇಕಾಗುತ್ತದೆ.

ನನ್ನನ್ನೇ ಕೇಳಿದರೆ, ನಮ್ಮ ಸಭಾಗೃಹಗಳ ಅಳತೆಗೆ 12 ಇಂಚಿನ ಒಂದು ಸ್ಪೀಕರ್, ಹಿಂಬದಿಯಲ್ಲಿ ಸದ್ದು ತಗ್ಗಿಸುವ ಗುಂಡಿಯಿರುವ ಹಾರ್ನ್, 8 ಓಮ್ ಇಂಪೀಡನ್ಸ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ), ಇಷ್ಟಿರುವುದನ್ನು ಕೊಳ್ಳುವಂತೆ ಹೇಳುತ್ತೇನೆ. ಇಂಥ ಎರಡು ಸೇರಿದರೆ ತಡೆ 4 ಓಮ್‌ಗೆ ಇಳಿಯುತ್ತದೆ; ಆಂಪ್ಲಿಫೈಯರ್ ಅದನ್ನು ತಾಳುವುದಾದರೆ ಮುಂದೆ ಅದೇ ಮಾದರಿಯ ಇನ್ನೊಂದನ್ನು ಅದರ ಮೇಲೆ ಪೇರಿಸಬಹುದು. ಆಗ ಕಿವಿಯ ಎತ್ತರಕ್ಕೆ ಬರುವ ಮೇಲಿನ ಪೆಟ್ಟಿಗೆಯ ಹಾರ್ನ್ ಮಾತ್ರ ನುಡಿಯುವಂತೆ ಬಿಟ್ಟು, ಕೆಳಗಿನದರ ಗುಂಡಿಯನ್ನು ಪೂರ್ತಿ ಇಳಿಸಬೇಕು.