17 ಡಿಗ್ರಿ ನೀರು

19 ಜನವರಿ 2025, ಭಾನುವಾರ
ಕದ್ರಿ, ಮಂಗಳೂರು

ಬೆಳಗ್ಗೆ ಐದೂವರೆಗೆ ಮಣಿಪಾಲಕ್ಕೆ ಹೊರಟೆವು. ನಾನು, ಮಗಳು, ಹಿಂದಿನ ಸೀಟಿನಲ್ಲಿ ಒಂದು ಹೊಸ ಥರ್ಮೊಕೋಲ್ ಪೆಟ್ಟಿಗೆ. ಮೀನಿನವರು ಐಸ್ ಹಾಕಿ ಇಡುತ್ತಾರಲ್ವಾ, ಅಂಥದೇ. ಬಿಸಿಲೇರುವ ಮೊದಲು ವಾಪಸ್ ಬರಬೇಕಿತ್ತು. ಹತ್ತು ಗಂಟೆಗೆ ಮನೆ ಸೇರಿದಾಗ ಪೆಟ್ಟಿಗೆಯೊಳಗೆ ನಮ್ಮ ಆಕ್ಸೊಲೊಟ್ಲ್ ಹಾಯಾಗಿತ್ತು.

ಅಮ್ಮ ಬಗ್ಗಿ ನೋಡಿ, "ಇದೆಂತ ಮಾರಾಯ, ಮೀನೋ ಹಲ್ಲಿಯೋ?" ಎಂದರು. ಎರಡೂ ಅಲ್ಲ, ಕಪ್ಪೆಯ ದೂರದ ನೆಂಟ ಎಂದೆ. ಕಪ್ಪೆಮರಿ ಬೆಳೆದ ಮೇಲೆ ಕಿವಿರು ಹೋಗುತ್ತದೆ. ಆಕ್ಸೊಲೊಟ್ಲ್ ಸಲಮಾಂಡರ್ ಜಾತಿಯದು, ಅಂದರೆ ಬಾಲವಿರುವ ಉಭಯಚರ. ಇದಕ್ಕೆ ಕಿವಿರು ಹೋಗುವುದಿಲ್ಲ. ಮೊಟ್ಟೆ ಇಡುವ ವಯಸ್ಸಿನಲ್ಲೂ ಕತ್ತಿನ ಎರಡು ಬದಿ ಗರಿಯಂಥ ಕಿವಿರು, ಸಾಯುವ ತನಕ ನೀರಿನಲ್ಲೇ ವಾಸ. ನಮ್ಮ ಪಶ್ಚಿಮ ಘಟ್ಟದಲ್ಲಿ ಎಷ್ಟೊಂದು ಬಗೆಯ ಕಪ್ಪೆ ಉಂಟು, ಸಲಮಾಂಡರ್ ಒಂದೂ ಇಲ್ಲ. ಇದರ ಊರು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕೆರೆ, ಕಾಲುವೆಗಳು. ಅಲ್ಲೀಗ ಅಳಿದುಹೋಗುವ ಸ್ಥಿತಿಯಲ್ಲಿದೆ. ಅದಕ್ಕೇ ಮನೆಯಲ್ಲಿ ಮರಿ ಮಾಡಿಸುವವರ ಹತ್ತಿರವೇ ತಂದೆ. ಇಂಥ ಪ್ರಾಣಿಯನ್ನು ಸಾಕಲು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಆ ಕಾಗದಗಳನ್ನೂ ಅವರು ಕೊಟ್ಟರು.

ಪ್ರಾಣಿ ತರಲು ಒಂದು ಬೆಳಗ್ಗೆ ಸಾಕಾಯಿತು. ನೀರು ತಯಾರಾಗಲು ಮೂರು ತಿಂಗಳು ಹಿಡಿಯಿತು.

ಸೊಚಿಮಿಲ್ಕೊ ಇರುವುದು ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದಲ್ಲಿ, ತಂಪಿನ ಜಾಗ. ಆಕ್ಸೊಲೊಟ್ಲ್‌ಗೆ 16ರಿಂದ 18 ಡಿಗ್ರಿ ನೀರು ಬೇಕು. ತಂಪು ಮಾಡದಿದ್ದರೆ ನಮ್ಮ ಟ್ಯಾಂಕಿನ ನೀರು ಜನವರಿಯಲ್ಲೂ 27. ಕಳೆದ ವರ್ಷ ಒಂದು ಅಂಗಡಿಯಲ್ಲಿ ಇಂಥದ್ದೇ ಮರಿಯನ್ನು ಜಲ್ಲಿ ಹಾಕಿದ ಬೆಚ್ಚಗಿನ ನೀರಿನಲ್ಲಿ ಇಟ್ಟಿದ್ದರು. ಬಾಲದ ತುದಿ ಕೊಕ್ಕೆಯ ಹಾಗೆ ಬಾಗಿತ್ತು, ಕಿವಿರು ಮುಂದಕ್ಕೆ ಮಡಚಿತ್ತು. ಎರಡೂ ಸಂಕಟದ ಗುರುತು. "ಫ್ಯಾನ್ ಇಟ್ಟರೆ ಸಾಕು" ಎಂದರು. ಫ್ಯಾನ್ ತಂಪು ಮಾಡುವುದು ನೀರು ಆವಿಯಾದರೆ ಮಾತ್ರ. ಬಟ್ಟೆಯೇ ಒಣಗದ ನಮ್ಮ ಕರಾವಳಿಯ ಗಾಳಿಯಲ್ಲಿ ಅದು ಎಷ್ಟು ಆವಿಯಾದೀತು? ಮಗಳು ಅತ್ತಳು. ನಾನು ಬರಿಗೈಯಲ್ಲಿ ಕರೆದುಕೊಂಡು ಬಂದೆ. ನೀರು ತಂಪು ಮಾಡುವ ಚಿಲ್ಲರ್ ಯಂತ್ರಕ್ಕೆ ದುಡ್ಡು ಸೇರಿಸುವ ತನಕ ಬೇಡ ಎಂದು ಅವತ್ತೇ ನಿರ್ಧಾರ ಮಾಡಿದೆ.

ಟ್ಯಾಂಕ್ ಮೂರಡಿ ಉದ್ದ, ಸುಮಾರು 130 ಲೀಟರ್. ಅಕ್ಟೋಬರ್‌ನಲ್ಲಿ ಪ್ಲೈವುಡ್ ಸ್ಟ್ಯಾಂಡಿನ ಮೇಲೆ ಇಟ್ಟು ಚಿಲ್ಲರ್ ಹಾಕಿ ನೋಡಿದೆ. ಮೂರನೇ ದಿನ ನೆಲವೆಲ್ಲ ಒದ್ದೆ. ಟ್ಯಾಂಕ್ ಸೋರುತ್ತಿದೆ ಎಂದು ಹೆದರಿದೆ. ನೋಡಿದರೆ ಗಾಜು ಬೆವರುತ್ತಿತ್ತು! ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ. ಎರಡು ವಾರದಲ್ಲಿ ಪ್ಲೈವುಡ್ ಉಬ್ಬಿ ಹಾಳಾಯಿತು. ಈಗ ಕಬ್ಬಿಣದ ಸ್ಟ್ಯಾಂಡ್, ಮೇಲೆ ಕಡಪ ಕಲ್ಲು. ಟ್ಯಾಂಕಿನ ಅಡಿಗೆ, ಹಿಂದೆ, ಎರಡು ಬದಿಗೆ ಥರ್ಮೊಕೋಲ್. ಮುಂದಿನ ಗಾಜನ್ನು ದಿನಕ್ಕೆ ಎರಡು ಸಲ ಒರೆಸುತ್ತೇನೆ.

ನೀರು ನಮ್ಮ ಬಾವಿಯದೇ. ಕ್ಲೋರಿನ್ ಇಲ್ಲ, ಆದರೆ ಮುರಕಲ್ಲಿನ ನೆಲದ ನೀರು ತುಸು ಹುಳಿ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟು ಹುಳಿ ಹೆಚ್ಚು) 6ರ ಹತ್ತಿರ ಬಂತು. ಇದಕ್ಕೆ ಏಳೂವರೆ ಆಸುಪಾಸು ಬೇಕು. ಅಮ್ಮ ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ತೊಳೆದು, ಕುದಿಸಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿಗೆ ಹಾಕಿದೆ. ಚಿಪ್ಪಿನ ಸುಣ್ಣ ಮೆಲ್ಲ ಕರಗಿ ಪಿಎಚ್ ಏರಿತು. ಇದು ನನಗೆ ತುಂಬ ಖುಷಿ ಕೊಟ್ಟ ಕೆಲಸ.

ಆಮೇಲೆ ಬರೇ ಕಾಯುವುದು. ಪ್ರಾಣಿಯ ಕಸದಿಂದ ವಿಷವಾದ ಅಮೋನಿಯಾ ಆಗುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಕೊನೆಗೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡಬೇಕು. ಆ ಬ್ಯಾಕ್ಟೀರಿಯಾ ಬೆಳೆಯಲಿ ಎಂದು, ಪ್ರಾಣಿಯಿಲ್ಲದ ಟ್ಯಾಂಕಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿದೆ. ಈ ಬ್ಯಾಕ್ಟೀರಿಯಾಕ್ಕೆ ನಮ್ಮ ಸೆಕೆ ಒಳ್ಳೆಯದು, ಹಾಗಾಗಿ ಅಷ್ಟು ದಿನ ಚಿಲ್ಲರ್ ಬಂದ್. ಆರನೇ ವಾರಕ್ಕೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಆಮೇಲೆ ನೀರು ಬದಲಿಸಿ 17ಕ್ಕೆ ಇಳಿಸಿದೆ.

ಮಣಿಪಾಲದಲ್ಲಿ ಎರಡು ಮರಿ ತೋರಿಸಿದರು. ಮಗಳಿಗೆ ಗುಲಾಬಿ ಕಿವಿರಿನ ಬಿಳಿಯದೇ ಬೇಕಿತ್ತು. ಅದು ನಾಲ್ಕೇ ಇಂಚು, ಎರೆಹುಳು ತೋರಿಸಿದರೆ ಮುಖ ತಿರುಗಿಸಿತು. ಇನ್ನೊಂದು ಕಂದು ಬಣ್ಣ, ಐದು ಇಂಚು, ಕಿವಿರು ತುಂಬಿಕೊಂಡಿತ್ತು, ಹೊಟ್ಟೆ ತಲೆಯಷ್ಟೇ ಅಗಲ. ಹುಳುವನ್ನು ಗಬಕ್ಕನೆ ಎಳೆದುಕೊಂಡಿತು. ಮಗಳು ಸ್ವಲ್ಪ ಹೊತ್ತು ನೋಡಿ, "ಇದೇ ಇರಲಿ ಪಪ್ಪಾ, ಇದಕ್ಕೆ ಹಸಿವುಂಟು" ಎಂದಳು. ಎರಡನ್ನೂ ತರಬಹುದಿತ್ತು. ಆದರೆ ಮರಿಗಳು ಒಂದರ ಕಾಲು ಒಂದು ಕಚ್ಚುತ್ತವೆ. ಕಾಲು ಮತ್ತೆ ಬೆಳೆಯುತ್ತದೆ ನಿಜ, ನೋವು ಯಾಕೆ?

ಟ್ಯಾಂಕಿನ ತಳ ಖಾಲಿ ಬಿಟ್ಟಿದ್ದೇನೆ. ಬಾಯಿ ತೆರೆದು ಎಲ್ಲವನ್ನೂ ಒಳಗೆ ಸೆಳೆಯುವ ಪ್ರಾಣಿ ಇದು. ಜಲ್ಲಿ ನುಂಗಿದರೆ ಕರುಳು ಕಟ್ಟುತ್ತದೆ. ಅಡಗಲು ಹಳೆ ಮನೆಯ ಮಾಡಿನ ತುದಿಗೆ ಹೊದಿಸಿದ್ದ ಬಾಗಿದ ಹೆಂಚು ಇಟ್ಟೆ, ಅಂಚನ್ನು ಉಜ್ಜಿ ನುಣುಪು ಮಾಡಿ. ಅಜ್ಜನ ಕಾಲದ್ದು.

ಈಗ ರಾತ್ರಿ ಹನ್ನೊಂದು. ನೀರು 17.2. ಕರೆಂಟ್ ಹೋದರೆ ಎಂದು ಫ್ರೀಜರಿನಲ್ಲಿ ನಾಲ್ಕು ಬಾಟಲಿ ನೀರು ಗಟ್ಟಿ ಮಾಡಿಟ್ಟಿದ್ದೇನೆ. ಮಗಳು ಚಾಪೆ ತಂದು ಟ್ಯಾಂಕಿನ ಎದುರೇ ಮಲಗಿದ್ದಾಳೆ. ಹೆಂಚಿನ ಕೆಳಗಿಂದ ಮೂತಿ ಮಾತ್ರ ಕಾಣುತ್ತಿದೆ. ಬೆಳಗ್ಗೆ ಎದ್ದ ಕೂಡಲೇ ಅಮೋನಿಯಾ ನೋಡಬೇಕು.